ಹೆತ್ತ ತಾಯಿ ಲೋಡಾ?

ಹೆಣ್ಣು ನೋಡಲು ಬಂದಾಗ ನನ್ನನ್ನೂ ಇಷ್ಟು ಪರೀಕ್ಷಿಸದ ನಮ್ಮ ಯಜಮಾನರು, ಟ್ರೇಲರಿಗೊಂದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಆರಿಸಲು ಇಡೀ ಚಳಿಗಾಲ ಕೂತರು. ತುಂಬಿದ ಟ್ರೇಲರ್ 6,000 ಪೌಂಡ್ ಇದ್ದರೆ ಶೇ. 10ರಿಂದ 15ರಷ್ಟು ಮೂಕಿಯ ಮೇಲೆ ಬೀಳಬೇಕಂತೆ. ಆ ಭಾರಕ್ಕೆ ಟ್ರಕ್ಕಿನ ಹಿಂಬದಿ ಕುಸಿದು ಮುಂಬದಿ ಎದ್ದರೆ ಸ್ಟೇರಿಂಗು ಹಿಡಿತಕ್ಕೆ ಸಿಗದು. ಹಿಚ್ಚಿನ ಸ್ಪ್ರಿಂಗ್ ಬಾರುಗಳನ್ನು ಬಿಗಿದರೆ ಭಾರ ಟ್ರಕ್ಕಿನ ಮುಂಗಾಲಿಗೂ ಟ್ರೇಲರ್ ಗಾಲಿಗೂ ಹಂಚಿಕೆಯಾಗುತ್ತದೆ. ಎಳೆಯುವ ತಾಕತ್ತು ಮಾತ್ರ ಒಂದು ಪೌಂಡೂ ಹೆಚ್ಚದು.

"ಅಷ್ಟು ದುಡ್ಡು ಕೊಟ್ಟೂನೂ?" ಅಂದರು ಅತ್ತೆ.

ಹೊರಡುವ ಹಿಂದಿನ ದಿನ ಮುಂದಿನ ಮಡ್‌ಗಾರ್ಡಿನ ಎತ್ತರ ಅಳೆಯುವ ಸಮಾರಂಭ. ಟ್ರೇಲರ್ ಕೂಡಿಸುವ ಮುಂಚೆ, ಕೂಡಿಸಿದ ಮೇಲೆ, ಬಾರು ಬಿಗಿದ ಮೇಲೆ. ಪಿಡಬ್ಲ್ಯುಡಿಯಿಂದ ರಿಟೈರಾದ ಮಾವ ಟೇಪಿನ ತುದಿ ಹಿಡಿದು, "ಎಂ.ಬಿ. ಬರೆದಿಡೋ, ಇಲ್ಲದಿದ್ರೆ ಬಿಲ್ ಪಾಸಾಗಲ್ಲ" ಎಂದರು. ಎಂ.ಬಿ. ಎಂಬ ಆ ಅಳತೆ ಪುಸ್ತಕ ಬರೆದು ರುಜುವನ್ನೂ ಹಾಕಿದರು.

ರಾತ್ರಿ ಅತ್ತೆ, ಮುಂಬದಿಯ ಭಾರಕ್ಕೆ ಮಗ ಒದ್ದಾಡುತ್ತಿದ್ದಾನೆಂದು ಮರುಗಿ, ಸೋನಾ ಮಸೂರಿ ಚೀಲಗಳನ್ನೂ ಗ್ರೈಂಡರನ್ನೂ ಮೊಮ್ಮಗಳ ಕೈಲಿ ಟ್ರೇಲರಿನ ಹಿಂದಿನ ಮಂಚದಡಿಗೆ ಸಾಗಿಸಿದ್ದರು. ಡಲ್ಲಾಸಿನಿಂದ ಕೊಲರಾಡೊ ಹಾದಿ. ಅಮರಿಲ್ಲೋ ಹತ್ತಿರ ಅಡ್ಡಗಾಳಿ ಬೀಸಿದ್ದೇ ಟ್ರೇಲರ್ ಬಾಲ ಅಲ್ಲಾಡಿಸತೊಡಗಿತು.

"ಹಿಂಭಾರ ಆಗಿದೆ ಕಣೋ! ಗಾಡೀಲೂ ಹಿಂಗೇ, ಮೂಕಿ ಮೇಲೇಳುತ್ತೆ" ಅಂದರು ಮಂಡ್ಯದ ಮಾವ. ಎಂ.ಬಿ.ಯಲ್ಲಿ ಅದಿರಲಿಲ್ಲ.

ನಿಧಾನಿಸಿ, ಲಾರಿಗಳ ತೂಕದ ಕಟ್ಟೆಗೆ ಹತ್ತಿಸಿದೆವು. ಮೊದಲ ತೂಕವೋ, ಮರುತೂಕವೋ ಎಂದು ಸ್ಪೀಕರ್ ಕೇಳಿತು. ಮರುತೂಕ ಅಗ್ಗ. "ಹಾಗಿದ್ರೆ ಮೊದಲು ಎರಡನೇದೇ ಮಾಡಿಸೋ" ಎಂದ ಅತ್ತೆ ತಟಕ್ಕನೆ ಇಳಿದೇಬಿಟ್ಟರು. ತಮ್ಮ ತೂಕ ಅಮೆರಿಕದ ಕಾಗದದಲ್ಲಿ ಅಚ್ಚಾಗಬಾರದಂತೆ.

"ಅಜ್ಜಿ, ಅದರಲ್ಲಿ ಗಾಲಿ ತೂಕ ಮಾತ್ರ ಬರತ್ತೆ!"

"ನಾನು ಗಾಲಿ ಮೇಲೇ ತಾನೇ ಕೂತಿರೋದು?"

ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಹಿಂದೆ ಲಾರಿಗಳ ಹಾರನ್ನು. ಯಜಮಾನರು ಕೈಮುಗಿದರು: "ಅಮ್ಮಾ, ಹತ್ತು. ಲೆಕ್ಕದಲ್ಲಿ ನೀನೂ ಲೋಡೇ."

ಮುಗಿಯಿತು. "ಹೆತ್ತ ತಾಯಿ ಲೋಡಾ ನಿನಗೆ? ಒಂಬತ್ತು ತಿಂಗಳು ಹೊತ್ತಾಗ ಯಾವ ಹಿಚ್ಚಿತ್ತೋ ನಂಗೆ?" ಎಂದು ಸೆರಗು ಕಣ್ಣಿಗೊತ್ತಿದರು. ಮಾವ ಸುಮ್ಮನಿರದೆ "ಡೆಡ್ ಲೋಡಲ್ಲ ಕಣೇ, ಲೈವ್ ಲೋಡು" ಅಂತ ಸಮಾಧಾನ ಹೇಳಿದರು. ಅತ್ತೆ ಇನ್ನೂ ಎರಡು ಹೆಜ್ಜೆ ದೂರ ಹೋದರು. ನಾನು ನಕ್ಕದ್ದು ಕಂಡಿತೋ ಏನೋ, ನನ್ನತ್ತವೂ ಒಂದು ನೋಟ ಬಿತ್ತು.

ಮೊದಲ ತೂಕ ಮುಗಿದ ಮೇಲೆ ಅಕ್ಕಿಯನ್ನು ಮುಂದಕ್ಕೆ ಹೊತ್ತದ್ದು ಯಜಮಾನರೇ. ಗ್ರೈಂಡರ್ ಅವರ ದೋಸೆಗೆಂದೇ ಬಂದದ್ದಾದ್ದರಿಂದ ಬಾಯಿಬಿಡುವಂತಿರಲಿಲ್ಲ. ಮರುತೂಕಕ್ಕೆ ಅತ್ತೆ ಕರೆಯದೆಯೇ ಹತ್ತಿ ಕೂತರು. ಅಗ್ಗವಲ್ಲವೇ!