ಅನಿವಾಸಿಯ ಅಂತಿಮ ದಿನ: ಒಂದು ಜಠರಕೇಂದ್ರಿತ ಸಾಂಸ್ಕೃತಿಕ ಅನುಸಂಧಾನ

ಪೀಠಿಕೆ

ವಿದೇಶದಲ್ಲಿ ನೆಲೆಸಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದಕ್ಷಿಣ ಬೆಂಗಳೂರಿಗೆ ಬಂದುಹೋಗುವ ಕನ್ನಡಿಗನು ತನ್ನ ರಜೆಯ ಕಟ್ಟಕಡೆಯ ದಿನದಂದು, ಅಂದರೆ ರಾತ್ರಿ ಹತ್ತಕ್ಕೆ ವಿಮಾನನಿಲ್ದಾಣಕ್ಕೆ ಹೊರಡಲೇಬೇಕಾದ ದಿನದಂದು, ಬಾಲ್ಯಸ್ನೇಹಿತರನ್ನು ಗುಡ್ಡೆ ಹಾಕಿಕೊಂಡು ನಡೆಸುವ ತಿನ್ನುವ ಹಾಗೂ ನೋಡುವ ಕ್ರಿಯೆಗಳ ಸಮುಚ್ಚಯವನ್ನು ಪ್ರಸ್ತುತ ಪ್ರಬಂಧದಲ್ಲಿ ‘ಅಂತ್ಯದಿನ ಸಂಕಥನ’ ಎಂದು ಕರೆಯಲಾಗಿದೆ. ಯಾಕೆ ಹಾಗೆ ಕರೆಯಲಾಗಿದೆ ಎಂದು ಕೇಳಬಾರದು. ಈಚೆಗೆ ಒಂದು ವಿಚಾರ ಸಂಕಿರಣದಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆದ್ದ ಈ ಸಂಶೋಧಕನು ಕಲಿತದ್ದು ಇಷ್ಟು: ಯಾವುದಕ್ಕೇ ಆಗಲಿ ಕೊನೆಯಲ್ಲಿ ‘ಸಂಕಥನ’ ಅಂಟಿಸಿಬಿಟ್ಟರೆ ಎದ್ದುನಿಂತು ಪ್ರಶ್ನೆ ಕೇಳುವವರು ಇರುವುದಿಲ್ಲ. ಅಲ್ಲಿ ಒಬ್ಬರು ಉಪ್ಪಿಟ್ಟಿನ ವಸಾಹತೋತ್ತರ ಅಸ್ಮಿತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅವರು ಮುಗಿಸುವಷ್ಟರಲ್ಲಿ ಹೊರಗಡೆ ನಿಜವಾದ ಉಪ್ಪಿಟ್ಟು ಆರಿಹೋಗಿತ್ತು.

ಈ ವಿಷಯದ ಮೇಲೆ ಹಿಂದೆ ಯಾರೂ ಗಂಭೀರವಾಗಿ ಬರೆದಿಲ್ಲ ಎಂದು ಹೇಳುವುದು ವಾಡಿಕೆ. ಆದ್ದರಿಂದ ಹೇಳಲಾಗಿದೆ.

ಕ್ಷೇತ್ರವ್ಯಾಪ್ತಿ ಮತ್ತು ತಾತ್ವಿಕ ಚೌಕಟ್ಟು

ಅಧ್ಯಯನದ ವ್ಯಾಪ್ತಿ ಉತ್ತರಕ್ಕೆ ಲಾಲ್‌ಬಾಗ್, ದಕ್ಷಿಣಕ್ಕೆ ಜೆ.ಪಿ. ನಗರ, ಪಶ್ಚಿಮಕ್ಕೆ ಬನಶಂಕರಿ, ಪೂರ್ವಕ್ಕೆ ಬಿ.ಟಿ.ಎಂ. ಲೇಔಟ್. ಕೇಂದ್ರಬಿಂದು ಜಯನಗರ. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಕೈಯಲ್ಲಿ ಉದ್ಘಾಟನೆಯಾದ ಬಡಾವಣೆ ಇದು. ಗುರುತಿಗೆ ಅಶೋಕ ಸ್ತಂಭ ಇನ್ನೂ ನಿಂತಿದೆ. ಇಲ್ಲಿ ಒಂದು ತಲೆಮಾರು ಸಾಲ ಮಾಡಿ ಸೈಟು ಕೊಂಡಿತು, ಮನೆ ಕಟ್ಟಿತು, ಮುಂದೆ ಒಂದು ಪಾರಿಜಾತ, ಹಿಂದೆ ಒಂದು ತೆಂಗು ನೆಟ್ಟಿತು, ಮಕ್ಕಳನ್ನು ಓದಿಸಿತು, ಓದಿದ ಮಕ್ಕಳನ್ನು ವಿಮಾನ ಹತ್ತಿಸಿತು. ಈಗ ಕೆಳಗಿನ ಮನೆಯಲ್ಲಿ ಇಬ್ಬರು, ಮೇಲಿನ ಮನೆಯಲ್ಲಿ ಬಾಡಿಗೆಯವರು. ಇದನ್ನು ‘ಲಂಬಾತ್ಮಕ ಏಕಾಂತ’ ಎಂದು ಕರೆಯಬಹುದಿತ್ತು. ಮುಂದೆ ನೋಡೋಣ.

ಅಂತ್ಯದಿನದಲ್ಲಿ ಪಾಲ್ಗೊಳ್ಳುವವರು ನಾಲ್ಕು ಬಗೆ. ಒಂದು, ಕರ್ತೃ: ಅನಿವಾಸಿ. ಎರಡು, ಸಾರಥಿ: ಕಾರು ಇರುವವನು, ಅಂದರೆ ಈ ಸಂಶೋಧಕ. ಮೂರು, ದಾತೃ. ಕರ್ತೃವಿನ ಹಳೆಯ ಸಿಮ್ ಸತ್ತು ಬಹಳ ಕಾಲವಾಗಿರುತ್ತದೆ, ಒಟಿಪಿ ಬರುವುದಿಲ್ಲ, ಯುಪಿಐ ನಡೆಯುವುದಿಲ್ಲ, ಕೈಯಲ್ಲಿ ಐನೂರರ ಒಂದೇ ನೋಟು ಇರುತ್ತದೆ. ‘ಮಗಾ, ನೀನ್ ಕೊಟ್ಟಿರು, ಆಮೇಲೆ ಕಳಿಸ್ತೀನಿ’ ಎಂಬ ವಾಕ್ಯ ಉಚ್ಚಾರವಾದ ಕ್ಷಣದಲ್ಲಿ ಹತ್ತಿರ ನಿಂತವನೇ ದಾತೃ. ನಾಲ್ಕು, ಅನುಪಸ್ಥಿತ: ವೈಟ್‌ಫೀಲ್ಡ್‌ನಿಂದ ಹೊರಟವನು. ಬೆಳಗ್ಗೆ ‘ಹೊರಟೆ ಕಣ್ರೋ’ ಎನ್ನುತ್ತಾನೆ, ಮಧ್ಯಾಹ್ನ ‘ಸಿಲ್ಕ್ ಬೋರ್ಡ್‌ನಲ್ಲಿದ್ದೀನಿ’ ಎನ್ನುತ್ತಾನೆ, ಸಂಜೆ ವಿಡಿಯೋ ಕಾಲ್‌ನಲ್ಲಿ ಟಾಟಾ ಮಾಡುತ್ತಾನೆ.

ತಿನಿಸುಗಳ ವರ್ಗೀಕರಣ

ಅಂತ್ಯದಿನದ ತಿನಿಸುಗಳನ್ನು (ಅ) ಸ್ಮೃತಿಭಕ್ಷ್ಯ, (ಆ) ಸಾಕ್ಷ್ಯಭಕ್ಷ್ಯ, (ಇ) ಗಂಟುಭಕ್ಷ್ಯ ಎಂದು ವಿಂಗಡಿಸಲಾಗಿದೆ. ಹಸಿವೆಯಿಂದ ತಿನ್ನುವುದು ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅಂತ್ಯದಿನದಲ್ಲಿ ಹಸಿವೆ ಎಂಬ ವಿದ್ಯಮಾನ ಕಂಡುಬಂದಿಲ್ಲ.

ಸ್ಮೃತಿಭಕ್ಷ್ಯಕ್ಕೆ ಉತ್ತಮ ಉದಾಹರಣೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ನಡೆಯುತ್ತಿರುವ ಈ ಪುಟ್ಟ ಅಂಗಡಿಯಲ್ಲಿ ಕೂರಲು ಜಾಗವಿಲ್ಲ, ತಿನ್ನಲು ನಾಲ್ಕಾರು ಬಗೆಗಿಂತ ಹೆಚ್ಚಿಲ್ಲ, ಸಾಂಬಾರ್ ಅಂತೂ ಇಲ್ಲವೇ ಇಲ್ಲ. ಚಟ್ನಿ ಮಾತ್ರ, ಎಷ್ಟು ಸಲ ಬೇಕಾದರೂ. ಸಾಂಬಾರಿನ ಈ ಗೈರುಹಾಜರಿಯನ್ನು ‘ಅಭಾವದ ಮೂಲಕ ಅನನ್ಯತೆಯ ನಿರ್ಮಿತಿ’ ಎಂದು ಓದಬಹುದು. ಹೀಗೆ ಓದುತ್ತಾ ನಿಂತರೆ ಇಡ್ಲಿ ತಣ್ಣಗಾಗುತ್ತದೆ. ಕರ್ತೃ ಇಲ್ಲಿ ಕಣ್ಣು ಮುಚ್ಚಿಕೊಂಡು ‘ಅದೇ ಟೇಸ್ಟು ಮಗಾ’ ಎಂದನು. ಅವನು ಊರಲ್ಲಿದ್ದಷ್ಟು ಕಾಲ ತಿಂಡಿಗೆ ಬ್ರೆಡ್ಡು ತಿಂದವನು ಎಂಬುದಕ್ಕೆ ಈ ಸಂಶೋಧಕನೇ ಸಾಕ್ಷಿ.

ಸಾಕ್ಷ್ಯಭಕ್ಷ್ಯವೆಂದರೆ ತಿಂದೆನೆಂಬುದಕ್ಕೆ ಪುರಾವೆ ಉಳಿಯಬೇಕಾದ ತಿನಿಸು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಗೋಡೆಯ ಮೇಲೆ ಸಾಹಿತಿಗಳ, ಗಣ್ಯರ ರೇಖಾಚಿತ್ರಗಳು, ಬಾಗಿಲಲ್ಲಿ ಹೆಸರು ಕೂಗುವವರೆಗೆ ಕಾಯುವ ಜನ. ಮಾಣಿ ಮುಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದು, ಒಂದನ್ನೂ ಅಲುಗಿಸದೆ ಇಳಿಸುತ್ತಾ ಹೋಗುತ್ತಾರೆ. ಆ ವಿದ್ಯೆಯ ಬಗ್ಗೆ ಯಾವ ಸಂಕಿರಣವೂ ಬೇಡ, ನೋಡಿದರೆ ಸಾಕು. ಕರ್ತೃ ನೋಡಲಿಲ್ಲ. ಅವನು ಮಾಣಿಯನ್ನು ‘ಇನ್ನೊಂದ್ಸಲ ಹಾಗೇ ನಡ್ಕೊಂಡ್ ಬನ್ನಿ ಸರ್’ ಎಂದು ಕೇಳಿ ವಿಡಿಯೋ ಮಾಡಿದನು. ನಂತರ ದೋಸೆಯನ್ನು ಮೇಲಿಂದ ಒಂದು, ಪಕ್ಕದಿಂದ ಒಂದು, ಮುರಿದು ಪಲ್ಯ ಕಾಣುವಂತೆ ಒಂದು ಫೋಟೋ ತೆಗೆದನು. ಅಷ್ಟು ಹೊತ್ತಿಗೆ ಗರಿಗರಿ ಹೋಗಿ ಬೆಣ್ಣೆ ತಟ್ಟೆಗೆ ಹೆಪ್ಪುಗಟ್ಟಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ಹಿರಿಯರು ನಮ್ಮ ಮೇಜಿನ ಕಡೆ ನೋಡಿದ ನೋಟವನ್ನು ಇಲ್ಲಿ ವಿಶ್ಲೇಷಿಸುವುದಿಲ್ಲ.

ಜಯನಗರವೆಂದರೆ ಇಡ್ಲಿ-ಕಾಫಿ ಎಂದು ಬರೆಯುವ ವಿದ್ವಾಂಸರಿಗಾಗಿ ಒಂದು ಮಾತು: ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ದೊನ್ನೆ ಬಿರಿಯಾನಿಗೆ ನಿಲ್ಲುವ ಜನವೂ ಇದೇ ಜಯನಗರದವರು. ಕರ್ತೃವೂ ನಿಂತನು. ಅಲ್ಲಿಗೆ ಹೋದದ್ದನ್ನು ಮನೆಯಲ್ಲಿ ಹೇಳುವ ಪದ್ಧತಿಯಿಲ್ಲ.

ಗಂಟುಭಕ್ಷ್ಯವನ್ನು ಪುಡಿರೂಪಿ, ಎಣ್ಣೆರೂಪಿ, ಕರಿದರೂಪಿ ಎಂದು ಮರುವಿಂಗಡಿಸಿ, ಪುಡಿರೂಪಿಯನ್ನು ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಎಂದು, ಚಟ್ನಿಪುಡಿಯನ್ನು ಬೆಳ್ಳುಳ್ಳಿ ಸಹಿತ ಮತ್ತು ರಹಿತ ಎಂದು... ಸಾಕು. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ನಿಪ್ಪಟ್ಟು, ಹುರಿಗಾಳು ಕಟ್ಟಿಸಿಕೊಂಡೆವು ಅಂದರೆ ಮುಗಿಯಿತು.

ನೋಡುವ ಕ್ರಿಯೆ

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ಕೆಂಪೇಗೌಡರ ಗೋಪುರ. ಕೆಳಗೆ 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ. ಈ ಸಮಸ್ತಕ್ಕೂ ಕರ್ತೃವಿನ ವೇಳಾಪಟ್ಟಿಯಲ್ಲಿ ದಕ್ಕಿದ್ದು ಒಂದು ಸೆಲ್ಫಿ. ರಾಗಿಗುಡ್ಡದ ಆಂಜನೇಯನಿಗೆ ಮೆಟ್ಟಿಲ ಕೆಳಗಿಂದಲೇ ಕೈಮುಗಿದದ್ದಾಯಿತು. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ಕಂಡು ಕಾರು ತಿರುಗಿಸಿದ್ದಾಯಿತು. ಜೆ.ಪಿ. ನಗರದ ರಂಗಶಂಕರಕ್ಕೂ ಹೋಗುವ ಮಾತಿತ್ತು. ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಹೇಳಿದ ಹೊತ್ತಿಗೆ ಏನಾದರೂ ಶುರುವಾಗುವ ಜಾಗ ಅಂತ್ಯದಿನದ ತರ್ಕಕ್ಕೆ ಹೊಂದುವುದಿಲ್ಲವಾದ್ದರಿಂದ ಕೈಬಿಡಲಾಯಿತು.

ನಷ್ಟದ ಕಥನ

‘ಬೆಂಗಳೂರು ಹಾಳಾಗೋಯ್ತು ಮಗಾ.’ ಈ ವಾಕ್ಯವನ್ನು ಕರ್ತೃ ಪ್ರತಿ ಸಿಗ್ನಲ್‌ನಲ್ಲೂ ಪುನರುಚ್ಚರಿಸಿದನು. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಪುಟ್ಟಣ್ಣ ಚಿತ್ರಮಂದಿರ ಎಲ್ಲಿ? ಕೆಡವಿದರು. ಜಯದೇವ ಮೇಲ್ಸೇತುವೆ ಎಲ್ಲಿ? ಮೆಟ್ರೋಗೆಂದು 2020ರಲ್ಲಿ ಕೆಡವಿದರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಈಗ ಕೆಳಗೊಂದು ರಸ್ತೆ, ಅದರ ಮೇಲೊಂದು ರಸ್ತೆ, ಅದರ ಮೇಲೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ರೈಲು. ‘ಆಕಾಶಾನೇ ಕಾಣ್ಸಲ್ವಲ್ಲೋ’ ಎಂದನು. ಇದನ್ನು ಮೊದಲಿಗೆ ‘ಸ್ಮೃತಿ ಮತ್ತು ನಗರಪಠ್ಯದ ಮುಖಾಮುಖಿ’ ಎಂದು ಗುರುತು ಹಾಕಿಕೊಂಡೆ. ಹತ್ತನೇ ಸಲ ಕೇಳಿದಾಗ ಪೆನ್ನು ಮುಚ್ಚಿಟ್ಟೆ.

ಹಾಳಾಗಿದೆ ಕಣಯ್ಯಾ, ಯಾರು ಇಲ್ಲ ಅಂದರು? ಫುಟ್‌ಪಾತ್ ನಡುವೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸ, ಪಕ್ಕದಲ್ಲಿ ಕಾಲಿಟ್ಟರೆ ಏಳುವ ಕಲ್ಲುಚಪ್ಪಡಿ, ಅದನ್ನು ತಪ್ಪಿಸಿಕೊಂಡು ರಸ್ತೆಗಿಳಿದರೆ ಎದುರಿಂದ ಒನ್‌ವೇಯಲ್ಲಿ ನುಗ್ಗುವ ಸ್ಕೂಟರು. ಎಪ್ಪತ್ತು ದಾಟಿದವರು ದಿನಾ ಬೆಳಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಅದೇ ರಸ್ತೆಯಲ್ಲಿ ನಡೆಯುತ್ತಾರೆ. ಆ ಎಪ್ಪತ್ತು ದಾಟಿದವರು ಯಾರು? ನಿನ್ನ ಅಪ್ಪ. ನಿನಗೆ ಪುಟ್ಟಣ್ಣ ಟಾಕೀಸ್ ಹೋದದ್ದು ಕಾಣುತ್ತದೆ, ಅಂಕಲ್‌ಗೆ ರಸ್ತೆ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕಾಣುವುದಿಲ್ಲ. ಇವನ್ನೆಲ್ಲ ಕಾರಿನಲ್ಲಿ ಹೇಳಲಿಲ್ಲ. ಕೊನೆಯ ದಿನ ಅಲ್ಲವೇ, ಯಾರೂ ಜಗಳ ಆಡುವುದಿಲ್ಲ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಗೃಹಪಠ್ಯ

ಮಧ್ಯಾಹ್ನ ಮೂರರ ಮೇಲೆ ಕರ್ತೃವಿನ ಮನೆಗೆ ಬಂದೆವು. ಡಿಸೆಂಬರ್, ಅವರೆಕಾಯಿ ಕಾಲ. ಆಂಟಿ ಹಿಂದಿನ ದಿನವೇ ಕಾಯಿ ಸುಲಿದು, ರಾತ್ರಿಯೆಲ್ಲ ಕಾಳು ನೆನೆಹಾಕಿ, ಬೆಳಗ್ಗೆ ಟಿ.ವಿ. ಮುಂದೆ ಪಾತ್ರೆ ಇಟ್ಟುಕೊಂಡು ಒಂದೊಂದನ್ನೇ ಹಿಸುಕಿ ಸಿಪ್ಪೆ ಬಿಡಿಸಿ, ಹಿತಕವರೆ ಹುಳಿ ಮಾಡಿದ್ದರು. ಕೈಗೆ ಸಂಧಿವಾತ, ಬೆರಳು ಪೂರ್ತಿ ಮಡಚುವುದಿಲ್ಲ. ಪ್ರಯಾಣ ಹೊರಡುವ ಮಗನಿಗೆಂದು ಶಾವಿಗೆ ಪಾಯಸವೂ ಇತ್ತು. ಮೇಜಿನ ಮೇಲೆ ತಟ್ಟೆಗಳನ್ನು ಹನ್ನೆರಡೂವರೆಗೇ ಇಟ್ಟಿದ್ದರೆಂದು ಕಾಣುತ್ತದೆ. ಮೇಲೆ ಪೇಪರ್ ಮುಚ್ಚಿತ್ತು. ಅಂಕಲ್ ಇನ್ನೂ ಊಟ ಮಾಡಿರಲಿಲ್ಲ.

‘ಹೊಟ್ಟೇಲಿ ಜಾಗಾನೇ ಇಲ್ಲಮ್ಮಾ. ಒಂದು ಸ್ಪೂನ್ ಹಾಕು, ಸಾಕು.’

‘ಆಯ್ತಪ್ಪ, ಬಲವಂತ ಮಾಡಲ್ಲ’ ಎಂದು ಅವರು ಒಂದು ಸೌಟು ಹಾಕಿದರು. ಅವನು ನಿಂತುಕೊಂಡೇ ತಿಂದ. ಉಳಿದದ್ದನ್ನು ಫ್ರಿಜ್ಜಿಗೆ ಹಾಕಿದರು. ಇಬ್ಬರಿಗೆ ಅದು ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕುವ ಧೈರ್ಯ ಯಾವ ಸಂಶೋಧಕನಿಗೂ ಬೇಡ. (ಇದು ಸ್ಮೃತಿಭಕ್ಷ್ಯವೋ ಸಾಕ್ಷ್ಯಭಕ್ಷ್ಯವೋ? ಫೋಟೋ ತೆಗೆಯಲಿಲ್ಲ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.)

ತೂಕ

ಒಂದೊಂದು ಸೂಟ್‌ಕೇಸಿಗೆ 23 ಕೆ.ಜಿ. ಮಿತಿ. ಪೆಟ್ಟಿಗೆ ತೂಗುವುದು ಆ ಮನೆಯಲ್ಲಿ ಯಾವತ್ತೂ ಅಂಕಲ್ ಕೆಲಸ. ಬ್ಯಾಂಕಿನಲ್ಲಿದ್ದವರು, ಲೆಕ್ಕ ತಪ್ಪುವುದಿಲ್ಲ. ಅವರ ವಿಧಾನ ಹೀಗೆ: ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ತಾವು ನಿಲ್ಲುವುದು, ಸೂಟ್‌ಕೇಸನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿ ಹಿಡಿಯುವುದು, ಮುಳ್ಳು ಎಲ್ಲಿ ನಿಂತಿತೆಂದು ಆಂಟಿ ಬಗ್ಗಿ ಓದುವುದು, ಅದರಲ್ಲಿ ತಮ್ಮ ತೂಕ 62 ಕಳೆಯುವುದು. ‘ಎಂಬತ್ತೈದು’ ಎಂದರು ಆಂಟಿ. ‘ಕರೆಕ್ಟಾಗಿ ಇಪ್ಪತ್ಮೂರು’ ಎಂದು ಅಂಕಲ್ ಇಳಿದರು. ಇಳಿಯುವಾಗ ಗೋಡೆ ಹಿಡಿದುಕೊಂಡರು.

ಜಯನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 40 ಕಿ.ಮೀ. ಕೌಂಟರಿನಲ್ಲಿ ಪೆಟ್ಟಿಗೆ ಇಟ್ಟರೆ 27 ತೋರಿಸಿತಂತೆ. ಕರ್ತೃ ಒಳಗಿನಿಂದಲೇ ಫೋನ್ ಮಾಡಿದ: ‘ಏನ್ ಮಗಾ, ಅಪ್ಪ ಸರಿಯಾಗಿ ನೋಡೇ ಇಲ್ಲ. ನಾಲ್ಕು ಕೆ.ಜಿ. ಜಾಸ್ತಿ! ಹುಳಿಪುಡಿ, ಉಪ್ಪಿನಕಾಯಿ ಎಲ್ಲಾ ತೆಗೆದು ಹಾಕಬೇಕಾಯ್ತು.’

ಪೆಟ್ಟಿಗೆಯ ತೂಕದಲ್ಲಿ ಏನೂ ತಪ್ಪಿರಲಿಲ್ಲ ಎಂಬುದು ನನಗೆ ಹೊಳೆದದ್ದು ವಾಪಸು ಬರುವಾಗ, ಹೆಬ್ಬಾಳದ ಹತ್ತಿರ. ಅಂಕಲ್ ಕಳೆದದ್ದು ಹೋದ ಸಲದ ತಮ್ಮ ತೂಕವನ್ನು. ಈಗ ಅವರು 62 ಇಲ್ಲ, 58. ಮೂರು ವಾರ ಅದೇ ಮನೆಯಲ್ಲಿದ್ದ ಮಗ, ವಾರಕ್ಕೊಮ್ಮೆ ಅವರ ಬಾಗಿಲ ಮುಂದೆಯೇ ಹಾದುಹೋಗುವ ನಾನು, ದಿನಾ ಜೊತೆಯಲ್ಲಿರುವ ಆಂಟಿ, ಯಾರೂ ಗಮನಿಸದ್ದನ್ನು ಕೌಂಟರಿನ ಯಂತ್ರ ಹೇಳಿತು.

ಶಿಫಾರಸು

ಪ್ರತಿ ಮಹಾಪ್ರಬಂಧವೂ ಸರ್ಕಾರಕ್ಕೆ ಕೆಲವು ಶಿಫಾರಸುಗಳೊಂದಿಗೆ ಮುಗಿಯಬೇಕು. ನನ್ನದು ಒಂದೇ, ಅದೂ ಸರ್ಕಾರಕ್ಕಲ್ಲ, ಹೊರದೇಶದಲ್ಲಿರುವ ಗೆಳೆಯರಿಗೆ. ಮುಂದಿನ ಸಲ ವಾಪಸು ಹೋಗುವ ಟಿಕೆಟನ್ನು ಶುಕ್ರವಾರ ರಾತ್ರಿಗೆ ತೆಗೆಯಿರಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಮಧ್ಯಾಹ್ನ ಹನ್ನೆರಡೂವರೆಗೆ ಮನೆಯಲ್ಲಿ ತಟ್ಟೆ ಹಾಕಿರುತ್ತಾರೆ.