ಸೋರುವ ಕೊಠಡಿ: ಹೊಸ ಅಧ್ಯಕ್ಷರಿಗೊಂದು ಕೈಪಿಡಿ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಾದಿರಿ, ಅಭಿನಂದನೆ. ಹಾರ ಬಾಡುವ ಮೊದಲು 5ನೇ ತರಗತಿಯ ಕೊಠಡಿಗೆ ಹೋಗಿ ತಲೆಯೆತ್ತಿ ನೋಡಿ. ಹೆಂಚಿನ ಸಂದಿಯಲ್ಲಿ ಆಕಾಶ ಕಂಡರೆ ಈ ಕೈಪಿಡಿ ನಿಮಗೇ. ಮಲೆನಾಡಿನವರು ನೋಡುವ ತೊಂದರೆ ತೆಗೆದುಕೊಳ್ಳಬೇಕಿಲ್ಲ, ಮಂಗಗಳು ಆಗಲೇ ತಪಾಸಣೆ ಮುಗಿಸಿರುತ್ತವೆ.

ಮೊದಲು ನಿಮ್ಮ ಅಧಿಕಾರ ತಿಳಿದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವವರು ನೀವೇ. ಎಲ್ಲ ಋತುವಿಗೂ ತಡೆಯುವ ಕಟ್ಟಡ ಇರಬೇಕೆಂದು ಅದೇ ಕಾಯ್ದೆಯ ಅನುಸೂಚಿಯಲ್ಲಿದೆ. ಮಳೆ ಅದನ್ನು ಓದಿಲ್ಲ.

ಈಗ ಸಭೆ ಕರೆಯಿರಿ. ಕೂಲಿ ಬಿಟ್ಟು ಬಂದವರನ್ನು ಕಾಯಿಸಬೇಡಿ. ಮುಖ್ಯ ಶಿಕ್ಷಕರು ನಡವಳಿ ಪುಸ್ತಕದಲ್ಲಿ "ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದು ಬರೆಯುತ್ತಾರೆ. ಚರ್ಚೆ ನಡೆಯದಿದ್ದರೂ ವಾಕ್ಯ ಇದೇ. "ಹೆಂಚು ಕೈಯಾಡಿಸೋಕೆ ಎರಡು ದಿನ ಸಾಕಲ್ಲ ಅಧ್ಯಕ್ಷರೆ, ನಾವೇ ಹತ್ತೋಣ" ಎಂದು ಯಾರಾದರೂ ಎದ್ದರೆ ಕೈಹಿಡಿದು ಕೂರಿಸಿ. ರೀಪಿಗೆ ಗೆದ್ದಲು ಹಿಡಿದಿದೆ. ಹತ್ತಿದವರು ಇಳಿಯುವಾಗ ಏಣಿ ಬಳಸಲಾರರು.

ಇನ್ನು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000. ಮಳೆಗೆ ತಲೆ ಎಣಿಸುವ ಅಭ್ಯಾಸವಿಲ್ಲ. ನಿಮ್ಮಲ್ಲಿ 31 ಮಕ್ಕಳಿದ್ದಾರೆ ಎನ್ನೋಣ. ಸೋರುವುದನ್ನು ಕಂಡು ಒಬ್ಬರು ಮಗುವನ್ನು ಪೇಟೆಯ ಕಾನ್ವೆಂಟಿಗೆ ಹಾಕಿದರು ಎಂದುಕೊಳ್ಳಿ, 15,000 ಹೋಯಿತು. ಹೆಂಚು ಒಂದೂ ಕಡಿಮೆಯಾಗಲಿಲ್ಲ. ಉಳಿದದ್ದರಲ್ಲಿ ಸೀಮೆಸುಣ್ಣ, ಕರೆಂಟು ಬಿಲ್ಲು, ನಲ್ಲಿ ರಿಪೇರಿ. ಕನಿಷ್ಠ ಶೇಕಡ 10ರಷ್ಟು ಸ್ವಚ್ಛತೆಗೆ ಎಂಬ ನಿಯಮವೂ ಇದೆ. ಹಾಗಾಗಿ ಸೂರಿಗಿಂತ ಬಕೆಟ್ ಸುಲಭ: ಸ್ವಚ್ಛತೆಯ ಲೆಕ್ಕಕ್ಕೂ ಸೇರುತ್ತದೆ, ಹನಿಗೂ ಆಗುತ್ತದೆ. ರಸೀದಿ ಇಟ್ಟುಕೊಳ್ಳಿ.

ದೊಡ್ಡ ರಿಪೇರಿಯೇ ಬೇಕೆಂಬ ಹಟವಿದ್ದರೆ ಬಿಇಒ ಕಚೇರಿಗೆ ಅರ್ಜಿ, ಶಾಸಕರ ಮನೆಗೆ ಇನ್ನೊಂದು. ಫೋಟೊವನ್ನು ಜುಲೈನಲ್ಲೇ ತೆಗೆದಿಡಿ. ಅಂದಾಜು ಪಟ್ಟಿಗೆ ಎಂಜಿನಿಯರು ಬರುವುದು ಫೆಬ್ರವರಿಯ ಬಿಸಿಲಿನಲ್ಲಿ, ಆಗ ನೆಲ ಒಣಗಿ ನೀವೇ ಸುಳ್ಳುಗಾರರಾಗುತ್ತೀರಿ. ದುಡ್ಡು ಬಂದರೆ ಮಾರ್ಚ್ ಕೊನೆಗೆ ಬರುತ್ತದೆ. ತರಾತುರಿಯಲ್ಲಿ ಮೊದಲು ಗೋಡೆಗೆ ಬಣ್ಣ ಬೀಳುತ್ತದೆ, ಏಕೆಂದರೆ ಫೋಟೊದಲ್ಲಿ ಕಾಣುವುದು ಅದೇ. ಬಣ್ಣದ ವಿಷಯದಲ್ಲಂತೂ ಬಾಯಿ ಬಿಡಬೇಡಿ. 2022ರಲ್ಲಿ ವಿವೇಕ ಯೋಜನೆಯ ಹೊಸ ಕೊಠಡಿಗಳು ಘೋಷಣೆಯಾದಾಗ ರಾಜ್ಯವಿಡೀ ಜಗಳವಾಡಿದ್ದು ಕೇಸರಿ ಬಣ್ಣಕ್ಕೆ. ಹಳೇ ಕೊಠಡಿಯ ಸೂರು ಸುದ್ದಿಯಾಗಲಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಮಗಳು ಈ ಶಾಲೆ ಬಿಟ್ಟ ದಿನ ನಿಮ್ಮ ಸದಸ್ಯತ್ವವೂ ಹೋಗುತ್ತದೆ. ಅವಳೀಗ 6ನೇ ತರಗತಿ, ಶಾಲೆ ಇರುವುದು 7ರವರೆಗೆ. ಕಡತದ ವೇಗ ನೋಡಿದರೆ ಹೊಸ ಹೆಂಚಿನ ಉದ್ಘಾಟನೆಗೆ ನಿಮ್ಮನ್ನು ಕರೆಯಲಿಕ್ಕಿಲ್ಲ. ಮುಂದಿನ ಅಧ್ಯಕ್ಷರಿಗೆ ಫೋಟೊ, ಅರ್ಜಿಯ ನಕಲು, ಬಕೆಟ್ ಎಲ್ಲವನ್ನೂ ಒಪ್ಪಿಸಿ ಸಹಿ ಹಾಕಿಸಿಕೊಳ್ಳಿ.

ಅಷ್ಟರೊಳಗೆ ಯಾರಾದರೂ ಟಿಸಿ ಕೇಳಲು ಬಂದರೆ ಬಾಗಿಲಲ್ಲೇ ನಿಲ್ಲಿಸಬೇಡಿ. ಒಳಗೆ ಕರೆದು ಕೂರಿಸಿ ಮಾತಾಡಿ. ಕಿಟಕಿ ಪಕ್ಕದ ಬೆಂಚು ಬೇಡ, ಅಲ್ಲಿ ಸೋರುತ್ತದೆ.