ಮೇಷ್ಟ್ರ ವಿಭಕ್ತಿ ವಿಚಾರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ 'ಮೇಷ್ಟ್ರು' ಎಂಬುದು ನಾಮಪದವೋ ಕ್ರಿಯಾಪದವೋ ಎಂಬ ವಾದ ಇನ್ನೂ ಬಗೆಹರಿದಿಲ್ಲ. 13ನೇ ಶತಮಾನದ ವೈಯಾಕರಣ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಸರ್ಕಾರಿ ಶಾಲೆ ಇರಲಿಲ್ಲವಾದ್ದರಿಂದ ಅವನನ್ನು ದೂರುವಂತಿಲ್ಲ. ನಮ್ಮ ಸಿದ್ಧಾಂತ ಇಷ್ಟು: ಮೇಷ್ಟ್ರು ಒಂದೇ ಪ್ರಕೃತಿ, ಎದುರಿಗೆ ನಿಂತ ಮಗುವಿಗೆ ತಕ್ಕಂತೆ ಪ್ರತ್ಯಯ ಹತ್ತುತ್ತದೆ.

ಪ್ರಥಮಾ ವಿಭಕ್ತಿ ಹಾಜರಿ ಪುಸ್ತಕದಲ್ಲಿ ಮಾತ್ರ ಕಾಣಸಿಗುತ್ತದೆ. ಬಿಡೋಣ.

ದ್ವಿತೀಯಾ, 'ಮೇಷ್ಟ್ರನ್ನು'. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಹಿಂದಿನ ಬೆಂಚು ಖಾಲಿ. ಹುಡುಕಿಕೊಂಡು ಹೋದರೆ, ಮೇಷ್ಟ್ರನ್ನು ಕಂಡ ಹುಡುಗ ಸೊಪ್ಪು ಹದ ಮಾಡುವ ಬ್ಯಾರನ್ನಿನ ಹಿಂದೆ ಮಾಯ. 'ಬನ್ನಿ ಸಾ, ಕಾಪಿ ಕುಡೀರಿ' ಎನ್ನುತ್ತ ಅಪ್ಪ ಒಲೆಗೆ ಇನ್ನೊಂದು ಸೌದೆ ನೂಕುತ್ತಾನೆ. ಇಲ್ಲಿ ಕರ್ತೃ ಯಾರೆಂಬುದರಲ್ಲಿ ಭಿನ್ನಮತವಿದೆ. ಕರ್ಮ ಮಾತ್ರ ನಿಸ್ಸಂಶಯವಾಗಿ ಮೇಷ್ಟ್ರದೇ.

ತೃತೀಯಾ, 'ಮೇಷ್ಟ್ರಿಂದ'. ಇದರ ತವರು ಎಚ್.ಡಿ. ಕೋಟೆ. ನಲಿಕಲಿ ಎಂಬ ಕಲಿಕಾ ಪದ್ಧತಿ 1995ರಲ್ಲಿ ಹುಟ್ಟಿದ್ದು ಅಲ್ಲೇ. ರಾಜ್ಯದ ತುಂಬ ಹರಡಿದ್ದು 2009-10ರಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ದುಂಡಗೆ ಕೂರುತ್ತವೆ. ಗುಂಪಿಗೆ 'ತಟ್ಟೆ' ಎಂದು ಹೆಸರು. ಮೊದಲ ತಟ್ಟೆಗೆ ಇಡೀ ಮೇಷ್ಟ್ರು ಬೇಕು, ಎರಡನೆಯದಕ್ಕೆ ಅರ್ಧ, ಆಮೇಲೆ ಪಕ್ಕದ ಮಗುವೇ ಮೇಷ್ಟ್ರು, ಕೊನೆಯ ತಟ್ಟೆಯದು ಸ್ವಕಲಿಕೆ. ಕೂಡಿದರೆ ಒಂದೂವರೆ ಮೇಷ್ಟ್ರಾಯಿತು, ಕೋಣೆಯಲ್ಲಿರುವುದು ಒಬ್ಬರೇ. ಬಾಕಿ ಅರ್ಧವನ್ನು ಪಿಎಚ್.ಡಿ. ಮಾಡುವವರಿಗೆ ಬಿಟ್ಟಿದ್ದೇವೆ. ಮಧ್ಯಾಹ್ನ ಊಟದ ತಟ್ಟೆ ಬಂದಾಗ ಸ್ವಕಲಿಕೆಯವನೂ ಮೊದಲ ತಟ್ಟೆಗಿಳಿಯುತ್ತಾನೆ: 'ಸಾ, ಮೊಟ್ಟೆ ಸುಲ್ಕೊಡಿ.'

ಹಾಡಿಯಿಂದ ಬಂದ ಜೇನುಕುರುಬರ ಹುಡುಗಿಗೆ ಆನೆಯ ಚಿತ್ರ ತೋರಿಸಿ 'ಆ' ಎನ್ನುವಷ್ಟರಲ್ಲಿ, 'ಇದು ಗಂಡು ಸಾ. ರಾತ್ರಿ ಬಂದಿದ್ದು ಹೆಣ್ಣು, ಮರಿ ಬೇರೆ ಇತ್ತು' ಎಂದು ತಿದ್ದುತ್ತಾಳೆ. ಪಾಠ ತಿರುಗಿ ಮೇಷ್ಟ್ರಿಗೇ ಆಯಿತು, ಇದು ಚತುರ್ಥೀ.

ಪಂಚಮೀ, 'ಮೇಷ್ಟ್ರ ದೆಸೆಯಿಂದ'. ವ್ಯಾಕರಣದ ಪಟ್ಟಿ ಬಿಟ್ಟರೆ ಯಾರ ಬಾಯಲ್ಲೂ ಇಲ್ಲದ ಈ ರೂಪಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜೀವ ಬರುತ್ತದೆ. ಪಾಸಾದರೆ ದೇವರ ದೆಸೆಯಿಂದ, ಫೇಲಾದರೆ ಮೇಷ್ಟ್ರ ದೆಸೆಯಿಂದ.

ಷಷ್ಠಿಯನ್ನು ಮೇಷ್ಟ್ರ ಮನೆಯವರು ಬಲ್ಲರು. ಸಪ್ತಮಿಗೆ ಕೆ.ಆರ್. ನಗರದವರು ಉದಾಹರಣೆ ಕೊಡುತ್ತಾರೆ: ಹೊಟ್ಟೆನೋವೆಂದು ರಜೆ ಹಾಕಿದ ಶಿಷ್ಯ ಚುಂಚನಕಟ್ಟೆ ಜಾತ್ರೆಯ ಬತ್ತಾಸಿನಂಗಡಿಯಲ್ಲಿ ಸಿಗುತ್ತಾನೆ. ಮೇಷ್ಟ್ರೂ ಅಲ್ಲೇ. ಇಬ್ಬರಿಗೂ ಇಬ್ಬರೂ ಕಾಣುವುದಿಲ್ಲ.

ಉಳಿದದ್ದು ಸಂಬೋಧನೆ. ಶಿಷ್ಟರೂಪ 'ಸಾ'. ಆದರೆ ಒಂದನೇ ತರಗತಿಯ ಒಬ್ಬ, ನಿದ್ದೆಗಣ್ಣಲ್ಲಿ ಎದ್ದು ಬಂದು, ದಪ್ಪ ಮೀಸೆಯ ಮೇಷ್ಟ್ರ ಪ್ಯಾಂಟು ಜಗ್ಗಿ 'ಅವ್ವಾ, ಸಿಂಬ್ಳ' ಎಂದ. ಲಿಂಗವ್ಯತ್ಯಯ ಸ್ಪಷ್ಟ. ಮೇಷ್ಟ್ರು ತಿದ್ದಲಿಲ್ಲ, ಬಗ್ಗಿದರು. ಆ ಹೊತ್ತಿನ ಪ್ರತ್ಯಯ ಹತ್ತಿದ್ದು ಕರ್ಚೀಫಿಗೆ.